ಮಾಡಿಟ್ಟ ನಗು

ಗುಂಟೂರು ಜಿಲ್ಲೆ, ಮೆಣಸಿನಕಾಯಿ ಹೊಲ
5 ಜನವರಿ 2025

ಹಾರಿಕಾ,

ದಿನಾ ಫೋನಿನಲ್ಲಿ ಮಾತಾಡುತ್ತೇವಲ್ಲ, ಮತ್ತೆ ಈ ಕಾಗದ ಯಾಕೆ ಎಂದು ನಗಬೇಡ. ಪಕೀರಪ್ಪ ಮಾವ ಇನ್ನಷ್ಟು ಆಳುಗಳನ್ನು ಕರೆತರಲು ಗಾಡಿ ತೆಗೆದುಕೊಂಡು ಕೋಸಗಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಒಂದು ಚೀಲ ಮೆಣಸಿನಕಾಯಿ ಕಳಿಸುತ್ತಿದ್ದೇನೆ. ಬರೀ ಚೀಲ ಯಾಕೆ, ಜೊತೆಗೆ ನಾಲ್ಕು ಮಾತೂ ಬರಲಿ ಅನ್ನಿಸಿತು. ಇಲ್ಲಿ ನಮಗೆ ಫೋನು ಅಂದರೆ ನಿನ್ನಪ್ಪನದು ಒಂದೇ. ಡೇರೆಯಲ್ಲಿ ಮಲಗುವವರು ಬಹಳ. ನಿನ್ನ ದನಿ ಕೇಳಿದರೆ ಸಾಕು, ಬಸವಕ್ಕ "ಸ್ಪೀಕರ್ ಹಾಕವ್ವಾ, ನಾವೂ ಕೇಳ್ತೀವಿ" ಅಂತಾಳೆ. ಆಮೇಲೆ ನಾನು ಏನು ಕೇಳಬೇಕೆಂದಿದ್ದೆನೋ ಅದು ಹೊಟ್ಟೆಯಲ್ಲೇ ಉಳಿಯುತ್ತದೆ.

ನನ್ನ ತವರು ಹಾಲಹರವಿಯ ಕನ್ನಡ ಶಾಲೆಯಲ್ಲಿ ನಾನು ಏಳನೇ ಕ್ಲಾಸಿನ ತನಕ ಓದಿದ್ದು, ನಿನ್ನನ್ನು ಕೂರಿಸಿಕೊಂಡು ಸ್ಲೇಟಿನ ಮೇಲೆ ಅಕ್ಷರ ತಿದ್ದಿಸಿದ್ದು ಈಗ ಉಪಯೋಗಕ್ಕೆ ಬಂತು. ನೀನು ಮೊದಲು "ನನಗ್ಯಾಕವ್ವಾ ಇದು, ಸ್ಕೂಲಿನಾಗ ಕೇಳಂಗಿಲ್ಲ" ಅಂತ ಅಳುತ್ತಿದ್ದೆ.

ಹೊಲ ದೊಡ್ಡದು. ಕೆಂಪಗೆ, ನೋಡಿದಷ್ಟು ದೂರ. ಕೈ ಉರಿಯುತ್ತದೆ. ಮರೆತು ಕಣ್ಣು ಮುಟ್ಟಿಕೊಂಡರೆ ಆ ದಿನದ ಕತೆ ಮುಗಿಯಿತು. ಸಾಯಂಕಾಲ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂತರೆ ನಿನ್ನಪ್ಪ ಫೋನು ತೆಗೆಯುತ್ತಾರೆ. ದಿನಕ್ಕೊಂದು ನಿನ್ನ ವಿಡಿಯೊ. ಡೇರೆಯ ಹೆಂಗಸರೆಲ್ಲ ಸುತ್ತ ಸೇರುತ್ತಾರೆ. ನಿನ್ನೆ ನೀನು ಅಜ್ಜಿಯ ಇಳಕಲ್ ಸೀರೆ ಉಟ್ಟು ಕುಣಿದೆಯಲ್ಲ, ಬಸವಕ್ಕ ಬಿದ್ದು ಬಿದ್ದು ನಕ್ಕಳು. "ಇಂಥಾ ಹುಡುಗಿ ಮನ್ಯಾಗಿದ್ರ ಕರೆಂಟ್ ಬ್ಯಾಡ ನೋಡು, ಮಹಾಲಕ್ಷ್ಮಿ" ಅಂದಳು. ನಾನು ನಿನ್ನನ್ನೂ ನೋಡುತ್ತೇನೆ, ನಿನ್ನ ಹಿಂದೆಯೂ ನೋಡುತ್ತೇನೆ. ನಮ್ಮ ಗೋಡೆ, ನೀರಿನ ಕೊಡ, ಗೂಟದ ಹತ್ತಿರ ಆಡು. ಮನೆಗೆ ಹೋಗಿ ಬಂದ ಹಾಗಾಗುತ್ತದೆ. ಮಗಳು ನಗುತ್ತಿದ್ದಾಳೆ ಎಂದುಕೊಂಡು ಮಲಗುತ್ತೇನೆ.

ಅಜ್ಜಿಗೆ ತಕರಾರು ಮಾಡಬೇಡ. ಚೆನ್ನಾಗಿ ಓದು.

ನಿನ್ನ ಅವ್ವ,
ಮಹಾಲಕ್ಷ್ಮಿ


ಕೋಸಗಿ
19 ಜನವರಿ

ಅವ್ವ,

ಮೆಣಸಿನಕಾಯಿ ಬಂತು. ಅಜ್ಜಿ ಒಂದನ್ನು ಮುರಿದು ಮೂಸಿ, "ಘಾಟು ಐತಿ" ಎಂದು ಮಾಳಿಗೆಯ ಮೇಲೆ ಒಣಗಲು ಹಾಕಿದಳು. ನನ್ನ ಕನ್ನಡದಲ್ಲಿ ತಪ್ಪಿದ್ದರೆ ಬೈಯಬೇಡ. ಕಾಲೇಜಿನಲ್ಲಿ ಮಾತು ತೆಲುಗು, ಪುಸ್ತಕ ಇಂಗ್ಲಿಷು. ಕನ್ನಡದಲ್ಲಿ ಬರೆಯಲು ನಿನ್ನ ಬಿಟ್ಟರೆ ಯಾರಿದ್ದಾರೆ?

ಸಂಕ್ರಾಂತಿ ಹಬ್ಬ ಆಯಿತು. ಹೇಳುವಂಥದ್ದು ಏನೂ ಇಲ್ಲ. ನನ್ನ ಜೊತೆ ಓದುವ ಶಿರೀಷಾ ಬಂದಿದ್ದಳು, ಸ್ವಲ್ಪ ಹೊತ್ತು ಕೂತು ಹೋದಳು. ಹಬ್ಬಕ್ಕೆ ಮೊದಲೇ ಅಜ್ಜಿ ಆಡನ್ನು ಮಾರಿಬಿಟ್ಟಳು. ಮೇವು ತರುವವರಿಲ್ಲ ಎಂದಳು. ನಾನಿದ್ದೇನಲ್ಲ ಎಂದೆ. ಅವಳು ನನ್ನ ಮುಖ ನೋಡಿ ಹಗ್ಗ ಬಿಚ್ಚಿದಳು.

ಕಾಲೇಜು ನಡೆಯುತ್ತಿದೆ. ಪರೀಕ್ಷೆ ಮಾರ್ಚಿನಲ್ಲಿ.

ಆ ವಿಡಿಯೊಗಳನ್ನು ಎಲ್ಲರಿಗೂ ತೋರಿಸಲೇಬೇಕಾ ಅವ್ವ? ಬಸವಕ್ಕ ಅಂದರೆ ಯಾರೆಂದೇ ನನಗೆ ಗೊತ್ತಿಲ್ಲ. ಅವಳು ಹೇಳಿದ್ದನ್ನು ಓದಿ ಕಾಗದ ಮಡಚಿಟ್ಟೆ. ಮತ್ತೆ ತೆಗೆದು ಓದಿದೆ, ಮತ್ತೆ ಮಡಚಿದೆ. ಇರಲಿ ಬಿಡು, ತೋರಿಸು. ನೋಡಿಕೊಳ್ಳಲಿ.

ಕೂತರೆ ಕಾಲು ಒಂದೇ ಸಮನೆ ಅಲ್ಲಾಡುತ್ತದೆ. ಅಜ್ಜಿ ಬಂದು ಮೊಣಕಾಲಿನ ಮೇಲೆ ಕೈಯಿಟ್ಟು ನಿಲ್ಲಿಸುತ್ತಾಳೆ. ಕೈ ತೆಗೆದ ಕೂಡಲೇ ಮತ್ತೆ ಶುರು. ಒಳಗಿದ್ದರೆ ಹೊರಗೆ ಹೋಗಬೇಕು ಅನ್ನಿಸುತ್ತದೆ, ಹೊರಗೆ ಬಂದರೆ ಯಾರಾದರೂ ಮಾತಾಡಿಸಿಬಿಡುತ್ತಾರೇನೋ ಎಂದು ಒಳಗೆ ಓಡುತ್ತೇನೆ. ಪರೀಕ್ಷೆಯ ಭಯ ಇರಬೇಕು. ಬೇರೇನಿಲ್ಲ.

ನೀವು ಬರುವುದು ಯಾವಾಗ? ಯುಗಾದಿಗೆ ಎಂದು ಗೊತ್ತು. ಸುಮ್ಮನೆ ಕೇಳಿದೆ.

ಹಾರಿಕಾ


ಹೊಲದಿಂದ
2 ಫೆಬ್ರವರಿ

ಹಾರಿಕಾ,

ಒಂದು ಮಾತು ಕೇಳುತ್ತೇನೆ. ಬೈಯಲು ಕೇಳುತ್ತಿಲ್ಲ, ಅದನ್ನು ಮೊದಲು ತಿಳಿದುಕೋ.

ನಿನ್ನೆ ಸಾಯಂಕಾಲ ನೀನು ಹಸಿರು ಚೂಡಿದಾರ ಹಾಕಿಕೊಂಡು ಬಾಗಿಲ ಮುಂದೆ ಕುಣಿಯುತ್ತಿದ್ದೆ. ಎಲ್ಲರೂ ನಿನ್ನನ್ನು ನೋಡಿದರು. ನಾನು ಹಿಂದೆ ನೋಡಿದೆ. ಆಡು ಗೂಟದಲ್ಲಿತ್ತು. ಬಾಯಾಡಿಸುತ್ತಾ ನಿಂತಿತ್ತು. ಹಬ್ಬಕ್ಕೆ ಮೊದಲೇ ಮಾರಿದ ಆಡು ನಿನ್ನೆ ಎಲ್ಲಿಂದ ಬಂತು? ನಿನ್ನಪ್ಪನನ್ನು ಕೇಳಿದರೆ "ಬ್ಯಾರೆ ಆಡು ತಂದಿರಬೇಕು ಬಿಡು" ಅಂದರು. ಬೇರೆಯದಲ್ಲ. ಎಡಗಿವಿ ಸೀಳಿದ ಆಡು ನಮ್ಮದೇ.

ಹಿಂದಿನ ದಿನಗಳದ್ದನ್ನೂ ತೆಗೆಸಿ ನೋಡಿದೆ. ಬಟ್ಟೆ ಬೇರೆ ಬೇರೆ, ಜಡೆ ಬೇರೆ ಬೇರೆ. ಆಡು ಅದೇ. ಗೋಡೆಯ ಮೇಲಿನ ಬಿಸಿಲೂ ಅದೇ.

ಹಾಗಾದರೆ ಇವನ್ನೆಲ್ಲ ನೀನು ಯಾವಾಗಲೋ ಮಾಡಿಟ್ಟಿದ್ದೀಯ. ಇಷ್ಟು ದಿನ ನಾನು ನೋಡಿ ಮಲಗಿದ್ದು ಯಾವತ್ತಿನದೋ ನಗು. ಇವತ್ತು ನೀನು ಹೇಗಿದ್ದೀಯ? ಫೋನಿನಲ್ಲಿ ಕೇಳಿದರೆ "ಆರಾಮ ಇದೀನವ್ವ" ಅಂತೀಯ, ಹಿಂದೆಯೇ ಬಸವಕ್ಕ ಬಾಯಿ ಹಾಕುತ್ತಾಳೆ. ಕಾಗದದಲ್ಲಿ ಹೇಳು. ಪಕೀರಪ್ಪ ಮಾವ ಅಲ್ಲಿ ಎರಡು ಮೂರು ದಿನ ಇರುತ್ತಾನೆ. ಬರಿಗೈಯಲ್ಲಿ ಬಂದರೆ ಗಾಡಿಯಿಂದ ಇಳಿಯಬೇಡ ಎಂದು ಹೇಳಿದ್ದೇನೆ.

ಅವ್ವ


ಕೋಸಗಿ
6 ಫೆಬ್ರವರಿ

ಅವ್ವ,

ಪಕೀರಪ್ಪ ಮಾವ ಹೊರಗೆ ಕಟ್ಟೆಯ ಮೇಲೆ ಕೂತಿದ್ದಾನೆ. ಇದು ಮೂರನೇ ಸಲ ಬಂದಿರುವುದು. "ಕಾಗದ ಕೊಡವ್ವಾ, ನಿಮ್ಮವ್ವ ನನ್ನ ಸುಮ್ಮನ ಬಿಡಂಗಿಲ್ಲ" ಅಂತಾನೆ. ಎರಡು ಹಾಳೆ ಬರೆದು ಹರಿದೆ. ಇದನ್ನು ಹರಿಯುವ ಮೊದಲೇ ಅವನಿಗೆ ಕೊಡುತ್ತೇನೆ.

ಆಡು ನಮ್ಮದೇ. ವಿಡಿಯೊ ಎಲ್ಲ ಡಿಸೆಂಬರಿನಲ್ಲಿ, ನೀವು ಹೋದ ಮೇಲೆ, ಒಂದೇ ಸಮನೆ ಕೂತು ಮಾಡಿದ್ದು. ಶಿರೀಷಾ ಫೋನು ಹಿಡಿದಳು, ನಾನು ಒಳಗೆ ಹೋಗಿ ಬಟ್ಟೆ ಬದಲಿಸಿ ಬಂದು ಬಂದು ನಕ್ಕೆ. ಪರೀಕ್ಷೆಗೆ ಓದಲು ಟೈಮ್ ಸಿಗಲಿ ಅಂತ ಎಂದು ಅವಳಿಗೆ ಹೇಳಿದೆ. ನಿಜ ಅದಲ್ಲ. ಮುಂದೆ ನನಗೆ ನಗಲು ಆಗುವುದಿಲ್ಲ ಎಂದು ಆಗಲೇ ಗೊತ್ತಾಗಿತ್ತು.

ಅಜ್ಜಿ ಪೊರಕೆ ಹಿಡಿದು ಬೈಯುವ ವಿಡಿಯೊ ನೆನಪಿದೆಯಲ್ಲ? ದಸರೆಯ ಹೊತ್ತಿಗೆ ಅದನ್ನು ಎಲ್ಲೆಲ್ಲಿಯವರೋ ನೋಡಿದರು. ಕಾಲೇಜಿನಲ್ಲಿ ಸೀನಿಯರ್ಸ್ ಬಂದು ಮಾತಾಡಿಸಿದರು. ಅದಾದ ಮೇಲಿನದನ್ನು ಅಷ್ಟು ಜನ ನೋಡಲಿಲ್ಲ. ಅದರ ಮೇಲಿನದನ್ನು ಇನ್ನೂ ಕಮ್ಮಿ. ಕಣ್ಣು ಬಿಟ್ಟ ಕೂಡಲೇ ಎಷ್ಟು ಲೈಕ್ ಎಂದು ನೋಡುತ್ತಿದ್ದೆ. ಕ್ಲಾಸಿನಲ್ಲಿ ಬೆಂಚಿನ ಕೆಳಗೆ ನೋಡುತ್ತಿದ್ದೆ. ಕಮ್ಮಿಯಾದರೆ ನಾನೇ ಏನೋ ತಪ್ಪು ಮಾಡಿ ಸಿಕ್ಕಿಬಿದ್ದ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು. ವಿಡಿಯೊ ಕೆಳಗೆ ಯಾರ್ಯಾರೋ ನನ್ನ ಹಲ್ಲಿನ ಬಗ್ಗೆ ಬರೆದರು. ಬಣ್ಣದ ಬಗ್ಗೆ ಬರೆದರು. ಕೂಲಿಯವರ ಮನೆ ಮುಂದೆ ಎಂಥಾ ಡ್ಯಾನ್ಸ್ ಎಂದು ಒಬ್ಬ ಬರೆದ. ಎಲ್ಲ ಅಳಿಸಿದೆ ಅವ್ವ. ಫೋನಿನಿಂದ ಹೋದವು. ನನ್ನೊಳಗಿಂದ ಹೋಗಲಿಲ್ಲ.

ಆಮೇಲೆ ಆ ಗಾಬರಿಯೂ ಇಲ್ಲ. ಬೇಜಾರು ಅಂತಾರಲ್ಲ, ಹಾಗಲ್ಲ. ಮೈ ಮೇಲೆ ಯಾರೋ ಒದ್ದೆ ಗೋಣಿಚೀಲ ಹೊದಿಸಿದ ಹಾಗೆ. ಅನ್ನ ಬಾಯಲ್ಲಿ ತಿರುಗುತ್ತದೆ, ಕೆಳಗಿಳಿಯುವುದಿಲ್ಲ. ಆದರೂ ಬೆರಳು ಮಾತ್ರ ಫೋನಿನ ಮೇಲೆ ಓಡುತ್ತಲೇ ಇರುತ್ತದೆ. ಏನು ನೋಡಿದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ.

ಹಬ್ಬಕ್ಕೆ ಮೊದಲಿನಿಂದಲೂ ಕಾಲೇಜಿಗೆ ಹೋಗಿಲ್ಲ. ಬ್ಯಾಗು ಹಾಕಿಕೊಂಡು ಸ್ಟೇಷನ್ನಿಗೆ ಹೋಗುತ್ತೇನೆ. ಆದೋನಿಯ ಗಾಡಿ ಬರುತ್ತದೆ, ಶಿರೀಷಾ ಹತ್ತುತ್ತಾಳೆ, ನಾನು ಬೆಂಚಿನ ಮೇಲೆ ಕೂತಿರುತ್ತೇನೆ. ಮೊದಲು ಅವಳು ಕರೆಯುತ್ತಿದ್ದಳು. ಈಗ ಕರೆಯುವುದಿಲ್ಲ.

ಹೋದ ವಾರ ಒಂದು ದಿನ ಪ್ಲಾಟ್‌ಫಾರ್ಮಿನ ಕೊನೆಯ ತನಕ ನಡೆದುಕೊಂಡು ಹೋದೆ. ಅಲ್ಲಿ ಬೆಂಚಿಲ್ಲ, ನೆರಳಿಲ್ಲ. ಟೀ ಮಾರುವ ಪಂಪಣ್ಣ ಬಂದು "ಏನವ್ವಾ, ಬಿಸಿಲಾಗ ಯಾಕ ನಿಂತೀ? ಈ ಕಡೆ ಬಾ" ಅಂದ. ಲೋಟ ಕೈಗೆ ಕೊಟ್ಟು, ಕುಡಿಯುವ ತನಕ ಎದುರಿಗೇ ನಿಂತ. "ಯಾರ ಮಗಳವ್ವಾ?" ಅಂದ. ಸುಂಕಣ್ಣನ ಮಗಳು ಎಂದೆ. "ನಡಿ, ಮನಿ ತನಕ ಬರ್ತೀನಿ" ಎಂದು ಉರಿಯುವ ಸ್ಟವ್ ಹಾಗೇ ಬಿಟ್ಟು ನನ್ನ ಜೊತೆ ಬಂದ.

ಏನೆಂದುಕೊಂಡು ಅಲ್ಲಿಗೆ ಹೋದೆ ಎಂದು ಬರೆಯುವುದಿಲ್ಲ. ನೀನೂ ಕೇಳಬೇಡ.

ದಿನಾ ಸಾಯಂಕಾಲ ಒಂದೊಂದು ವಿಡಿಯೊ ಹಾಕುವುದು ನೀನು ನೋಡುತ್ತೀಯ ಎಂದು. ಇನ್ನು ಸ್ವಲ್ಪವೇ ಉಳಿದಿವೆ. ಅವು ಮುಗಿದ ಮೇಲೆ ಏನು ಮಾಡಬೇಕೋ ಗೊತ್ತಿಲ್ಲ.

ಹಾರಿಕಾ


ಕೋಸಗಿ
17 ಫೆಬ್ರವರಿ

ಹಾರಿಕಾಳ ಅಪ್ಪನಿಗೆ,

ಫೋನಿನಲ್ಲಿ ನೀವು ಕೇಳಿದ್ದಕ್ಕೆಲ್ಲ ಹೂಂ, ಹೂಂ ಅಂದೆ ಎಂದು ನಿಮಗೆ ಸಿಟ್ಟು ಬಂದಿದೆ. ಇರುವುದು ಒಂದೇ ಕೋಣೆ. ಅವಳು ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾಳೆ, ನಿದ್ದೆಯಲ್ಲಿರುವುದಿಲ್ಲ. ಅವಳ ಬಗ್ಗೆ ಅವಳ ತಲೆಯ ಮೇಲೆ ನಿಂತು ಹೇಗೆ ಹೇಳಲಿ? ಅದಕ್ಕೇ ಬರೆಯುತ್ತಿದ್ದೇನೆ.

ಅವಳ ಕಾಗದ ಓದಿದ ದಿನವೇ ನಾನು ಹೇಳದೆ ಕೇಳದೆ ಬಸ್ಸು ಹತ್ತಿದ್ದಕ್ಕೆ ಮೇಸ್ತ್ರಿ ನಿಮ್ಮ ಮೇಲೆ ಕೂಗಾಡಿದನಂತೆ. ಕೂಗಾಡಲಿ. ಮನೆಗೆ ಬಂದಾಗ ಅತ್ತೆ ಅವಳ ಪಕ್ಕದಲ್ಲಿ ಕೂತು ಅನ್ನ ಕಲಸಿ ತುತ್ತು ಹಿಡಿದಿದ್ದರು. "ಈ ಹುಡುಗಿ ಉಣ್ಣಲ್ದ ಎಷ್ಟು ದಿನ ಆತು ಗೊತ್ತೈತೇನು? ನಿಮಗ ಹೇಳಬ್ಯಾಡ ಅಂತ ನನ್ನ ಕೈ ಹಿಡಕಂಡ್ಳು" ಅಂದರು. ಹಾರಿಕಾ ನನ್ನನ್ನು ನೋಡಿ ಏಳಲಿಲ್ಲ. ಬೆನ್ನು ಮುಟ್ಟಿದೆ. ಎಲುಬು ಕೈಗೆ ಸಿಕ್ಕಿತು.

ನೀವು ಹೇಳಿದ ಹಾಗೆ ಮೊದಲು ಫೋನು ಕಸಿದುಕೊಂಡೆ. ಜೋಳದ ಡಬ್ಬಿಯಲ್ಲಿ ಹೂತಿಟ್ಟೆ. ಕಿರುಚಾಡುತ್ತಾಳೆ ಎಂದುಕೊಂಡಿದ್ದೆ, ಇಲ್ಲ. ಹೊಸ್ತಿಲ ಮೇಲೆ ಕೂತು ಹೇಳಿದಳು: "ನನ್ನ ಬೈಯೋರೆಲ್ಲ ಅದರಾಗ ಅದಾರ, ಖರೆ. ಆದ್ರ ದಿನಾ ನನ್ನ ನೋಡ್ತಿದ್ದ ನೀನೂ ಅದರಾಗ ಇದ್ದೆಲ್ಲವ್ವಾ." ನಾನೇ ಡಬ್ಬಿಗೆ ಕೈ ಹಾಕಿ ತೆಗೆದುಕೊಟ್ಟೆ. ಆಗ ಅತ್ತಳು. ನಾನೂ ಅತ್ತುಬಿಟ್ಟೆ.

ಆದೋನಿಯಲ್ಲಿ ಮನಸ್ಸಿನ ಕಾಯಿಲೆ ನೋಡುವ ಡಾಕ್ಟರಮ್ಮ ಒಬ್ಬರಿದ್ದಾರೆ. ಕರೆದುಕೊಂಡು ಹೋದೆ. ಪಂಪಣ್ಣ ಅಂಗಡಿ ಬಿಟ್ಟು ಗಾಡಿ ಹತ್ತಿಸಿ ಹೋದ. ಡಾಕ್ಟರಮ್ಮ ತೆಲುಗಿನವರು, ನಮ್ಮ ಕನ್ನಡವೂ ತಿಳಿಯುತ್ತದೆ. ನನ್ನನ್ನು ಹೊರಗೆ ಕೂರಿಸಿ ಅವಳೊಬ್ಬಳ ಹತ್ತಿರವೇ ಬಹಳ ಹೊತ್ತು ಮಾತಾಡಿದರು. ಆಮೇಲೆ ಒಳಗೆ ಕರೆದರು. ನಾನು ಕೇಳಿದೆ, "ಮೇಡಂ, ಫೋನಿಂದ್ಲೇ ಹಿಂಗಾತೇನ್ರಿ? ಮುರದು ಹಾಕಲೇನು?" ಫೋನು ಒಂದೇ ಕಾರಣ ಎಂದು ಹೇಳಲಾಗುವುದಿಲ್ಲ, ಆದರೆ ನೋಯುತ್ತಿದ್ದ ಕಡೆಯೇ ದಿನಾ ಒತ್ತಿದ ಹಾಗಾಗಿದೆ ಎಂದರು. ಇದು ಸೋಮಾರಿತನ ಅಲ್ಲ, ಕೊಬ್ಬಲ್ಲ, ಕಾಯಿಲೆ. ಮಾತ್ರೆ ಕೊಟ್ಟಿದ್ದಾರೆ. ಕೂಡಲೇ ಗುಣ ಕಾಣುವುದಿಲ್ಲ, ಬಿಡಿಸಬೇಡಿ ಎಂದರು. ಒಬ್ಬಳನ್ನೇ ಬಿಡಬೇಡಿ ಎಂದರು. ಫೋನು ಕಿತ್ತುಕೊಳ್ಳದೆ, ಸಾಯಂಕಾಲ ಒಂದು ಹೊತ್ತು ಒಲೆ ಹತ್ತಿರ, ಎಲ್ಲರೂ ಇರುವಾಗ ನೋಡಲಿ ಎಂದರು. ಸ್ಟೇಷನ್ನಿನ ಮಾತನ್ನೂ ಅವಳೇ ಅವರಿಗೆ ಹೇಳಿದ್ದಾಳೆ. ನನಗೆ ಇನ್ನೂ ಹೇಳಿಲ್ಲ. ನಾನು ಕೇಳಿಲ್ಲ.

ಅತ್ತೆ ತಮ್ಮ ಸಮಾಧಾನಕ್ಕೆ ಅವಳ ಕೈಗೆ ದಾರ ಕಟ್ಟಿಸಿಕೊಂಡು ಬಂದಿದ್ದಾರೆ. ಇರಲಿ. ಮಾತ್ರೆ ಬಿಡಿಸುತ್ತಿಲ್ಲವಲ್ಲ.

ನಾನು ಈ ಸಲ ವಾಪಸ್ ಬರುವುದಿಲ್ಲ. ಒಂದು ಕೆಲಸ ಮಾಡಿ. ಅವಳಿಗೆ ನೀವು ಬರೆಯಿರಿ. "ಬುದ್ಧಿ" ಎನ್ನುವ ಮಾತು ಅದರಲ್ಲಿ ಬರಬಾರದು.

ಮಹಾಲಕ್ಷ್ಮಿ


ಹೊಲದಿಂದ
26 ಫೆಬ್ರವರಿ

ಹಾರಿಕಾ,

ನಾನು ಕಾಗದ ಬರೆದು ಎಷ್ಟು ವರ್ಷವಾಯಿತೋ. ಅಕ್ಷರ ಡೊಂಕು. ಓದಲು ಬಾರದಿದ್ದರೆ ನಿಮ್ಮವ್ವನ ಹತ್ತಿರ ಓದಿಸಿಕೋ.

ನಿಮ್ಮವ್ವ ಹೋದ ಮೇಲೆ ಇಲ್ಲಿ ಸಾಯಂಕಾಲ ಯಾರೂ ಸೇರುವುದಿಲ್ಲ. ಬಸವಕ್ಕ "ಹುಡುಗಿ ವಿಡಿಯೊ ಯಾಕ ಬರವಲ್ದು?" ಎಂದು ಕೇಳಿದಳು. ಹುಡುಗಿಗೆ ಆರಾಮಿಲ್ಲ ಎಂದೆ. ಜ್ವರ ಏನು ಎಂದಳು. ಹೌದು ಎನ್ನಲು ಬಾಯಿ ತೆರೆದೆ. ಆಮೇಲೆ, ಇಲ್ಲ, ಮನಸ್ಸಿಗೆ ಆರಾಮಿಲ್ಲ, ಆದೋನಿಯಲ್ಲಿ ತೋರಿಸಿದ್ದೇವೆ ಎಂದೆ. ಅವಳು ಏನೋ ಅನ್ನುತ್ತಾಳೆ ಎಂದು ಕಾದೆ. ಅವಳು ಎದ್ದು ಹೋಗಿ ತನ್ನ ಪಾಲಿನ ಸಾರು ತಂದು ನನ್ನ ತಟ್ಟೆಗೆ ಸುರಿದಳು.

ನಾನು ಮೊದಲು ಬಹಳ ಸಿಟ್ಟು ಮಾಡಿಕೊಂಡಿದ್ದೆ. ತಿನ್ನಲು ಉಣ್ಣಲು ಇದೆ, ಬಿಸಿಲಲ್ಲಿ ಬಗ್ಗಬೇಕಾಗಿಲ್ಲ, ಇವಳಿಗೆ ಏನು ಕಮ್ಮಿ ಎಂದು ಫೋನಿನಲ್ಲಿ ನಿಮ್ಮವ್ವನಿಗೆ ಅಂದೆ. ಅದನ್ನು ನೀನು ಕೇಳಿಸಿಕೊಂಡಿದ್ದೀಯ ಎಂದು ಗೊತ್ತು. ನನಗೆ ಈ ಕಾಯಿಲೆ ಇನ್ನೂ ಅರ್ಥವಾಗಿಲ್ಲ. ಅರ್ಥವಾಗುವ ತನಕ ಸುಮ್ಮನಿರುತ್ತೇನೆ, ಅಷ್ಟೇ ಹೇಳಬಲ್ಲೆ.

ಫೋನಿನ ವಿಷಯ. ನಾನೂ ನೋಡುತ್ತೇನೆ. ಕೆಲಸ ಮುಗಿಸಿ ಬಂದು ಗೋಣಿ ಮೇಲೆ ಬಿದ್ದುಕೊಂಡರೆ ಕಾರು ತೊಳೆಯುವುದು, ಯಾರದೋ ಮದುವೆ, ನಾಯಿ ಈಜುವುದು. ಒಂದೂ ನೆನಪಿರುವುದಿಲ್ಲ, ಕಣ್ಣು ಮಾತ್ರ ಉರಿಯುತ್ತಿರುತ್ತದೆ. ನಿನ್ನ ಬೆರಳು ನಿಲ್ಲುವುದಿಲ್ಲ ಎಂದು ಬರೆದಿದ್ದೆಯಂತೆ. ನನ್ನದೂ ನಿಲ್ಲುವುದಿಲ್ಲ.

ಪರೀಕ್ಷೆ ಬರೆದರೆ ಬರಿ, ಬಿಟ್ಟರೆ ಬಿಡು. ಮಾತ್ರೆ ಬಿಡಬೇಡ. ನಿನಗೆ ನಗು ಬಾರದ ದಿನವೂ ಫೋನು ಮಾಡು. ಮಾತಾಡಬೇಕಾಗಿಲ್ಲ. ನಾನೂ ಮಾತಾಡುವವನಲ್ಲ.

ನಿನ್ನ ಅಪ್ಪ,
ಸುಂಕಣ್ಣ


ಕೋಸಗಿ
22 ಮಾರ್ಚ್

ಅಪ್ಪ,

ನಿನ್ನ ಕಾಗದ ನಾನೇ ಓದಿದೆ. ಅಕ್ಷರ ಅಷ್ಟೇನೂ ಡೊಂಕಿಲ್ಲ.

ಪರೀಕ್ಷೆ ಮುಗಿಯಿತು. ಇಂಗ್ಲಿಷ್, ಸಿವಿಕ್ಸ್ ಬರೆದೆ. ಎಕನಾಮಿಕ್ಸ್ ಅರ್ಧ ಬರೆದು ಎದ್ದುಬಂದೆ. ಕಾಮರ್ಸ್ ದಿನ ಬಟ್ಟೆ ಹಾಕಿಕೊಂಡು ಹೊಸ್ತಿಲ ತನಕ ಬಂದವಳು ಅಲ್ಲೇ ಕೂತೆ. ಅವ್ವ ಬಂದು ಪಕ್ಕದಲ್ಲಿ ಕೂತಳು. ಹೋಗು ಎನ್ನಲಿಲ್ಲ. ಗಾಡಿ ಹೋದದ್ದು ಕೇಳಿಸಿದ ಮೇಲೆ "ಉಪ್ಪಿಟ್ಟು ಮಾಡಲೇನು?" ಎಂದಳು. ತಿಂದೆ. ರುಚಿ ಗೊತ್ತಾಯಿತು. ಬಹಳ ದಿನವಾಗಿತ್ತು ಗೊತ್ತಾಗಿ. ಉಳಿದದ್ದನ್ನು ಸಪ್ಲಿಮೆಂಟರಿಯಲ್ಲಿ ಬರೆಯುತ್ತೇನೆ. ಶಿರೀಷಾ ನೋಟ್ಸ್ ತಂದುಕೊಟ್ಟಿದ್ದಾಳೆ. ಸ್ಟೇಷನ್ನಿನಲ್ಲಿ ನನ್ನ ಬಿಟ್ಟು ಗಾಡಿ ಹತ್ತುವಾಗ ದಿನಾ ತಿರುಗಿ ನೋಡುತ್ತಿದ್ದಳಂತೆ. ನಾನು ನೋಡಿರಲಿಲ್ಲ.

ಎಲ್ಲ ಸರಿಹೋಗಿದೆ ಎಂದು ಬರೆಯುತ್ತಿಲ್ಲ. ನಿನ್ನೆ ಮಧ್ಯಾಹ್ನವೆಲ್ಲ ಹೊದ್ದು ಮಲಗಿದ್ದೆ. ಇವತ್ತು ಎದ್ದೆ, ಯಾಕೆಂದರೆ ಕೆಲಸವಿದೆ. ಅದನ್ನೇ ಹೇಳಲು ಬರೆಯುತ್ತಿರುವುದು. ಬೆಳಿಗ್ಗೆ ಫೋನಿನಲ್ಲಿ ಹೇಳಿದೆ, ಗಾಳಿಗೆ ನಿನಗೆ ಅರ್ಧ ಕೇಳಿಸಿತು, ಹೆಸರೇ ಕೇಳಿಸಲಿಲ್ಲ. ಆಮೇಲೆ ನಿನ್ನ ಫೋನು ಸಿಗುತ್ತಿಲ್ಲ, ಮೆಸೇಜೂ ಹೋಗುತ್ತಿಲ್ಲ. ಪಕೀರಪ್ಪ ಮಾವ ಈಗಲೇ ಹೊರಡುತ್ತಿದ್ದಾನೆ. ಇದನ್ನು ಹಿಡಿದುಕೊಂಡು ಡೇರೆ ಡೇರೆಗೂ ಹೋಗಿ ಕೇಳಬಹುದು ಎಂದು ಬರೆದುಕೊಡುತ್ತಿದ್ದೇನೆ.

ಲಾವಣ್ಯ ಎಂದು ಒಬ್ಬ ಹುಡುಗಿ. ಒಂಬತ್ತನೇ ಕ್ಲಾಸು. ನನ್ನ ವಿಡಿಯೊಗಳ ಕೆಳಗೆ ಏನಾದರೂ ಒಳ್ಳೆಯದನ್ನೇ ಬರೆಯುತ್ತಿದ್ದಳು. ಹೋದ ವಾರ, ಒಲೆ ಹತ್ತಿರ ಕೂತಿದ್ದಾಗ, ಅವಳ ಮೆಸೇಜು ಬಂದಿತ್ತು: ಅಕ್ಕಾ, ಯಾಕೆ ವಿಡಿಯೊ ಹಾಕುತ್ತಿಲ್ಲ? ಪರೀಕ್ಷೆ ಎಂದು ಬರೆಯಲು ಹೊರಟೆ. ಅವ್ವ ಪಕ್ಕದಲ್ಲೇ ಇದ್ದಳು. "ಖರೆ ಹೇಳು, ಏನಾಗತೈತಿ?" ಅಂದಳು. ಹೇಳಿದೆ. ಆರಾಮಿಲ್ಲ, ನಗಲು ಬರುತ್ತಿಲ್ಲ, ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ ಎಂದೆ. ಅವಳು ಬರೆದಳು: ನನಗೂ ಹಂಗೇ ಅಕ್ಕಾ.

ಆಮೇಲೆ ದಿನಾ ಬರೆದಳು. ಶಾಲೆಗೆ ಹೋಗುತ್ತಿಲ್ಲ. ಅವಳ ಫೋಟೊಗೆ ಯಾರೋ ಏನೇನೋ ಅಂಟಿಸಿ ಕ್ಲಾಸಿನ ಗ್ರೂಪಿನಲ್ಲಿ ಹಾಕಿದ್ದಾರೆ. ಅವಳೂ ನಗುವ ವಿಡಿಯೊ ಹಾಕುತ್ತಾಳೆ. ಚೆನ್ನಾಗಿಯೇ ನಗುತ್ತಾಳೆ. ನಾನು ಅದನ್ನು ನೋಡಲಾಗದೆ ಫೋನು ಕೆಳಗಿಟ್ಟೆ. ಮೊನ್ನೆ ಬರೆದದ್ದು ನನಗೆ ಗುರುತಿರುವ ಮಾತು. ಆ ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ನನ್ನೊಳಗೆ ಇದ್ದ ಮಾತೇ ಅದು. ನಿಮ್ಮವ್ವನಿಗೆ ಹೇಳು ಎಂದೆ. ಅವ್ವ, ಅಪ್ಪ ಇಬ್ಬರೂ ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಹೋಗಿದ್ದಾರೆ, ಯಾರಿಗೂ ಹೇಳಬೇಡ ಅಕ್ಕಾ, ಆಣೆ ಎಂದಳು. ನಿನ್ನೆಯಿಂದ ಉತ್ತರವಿಲ್ಲ.

ಊರು ಚಿಪ್ಪಗಿರಿ ಹತ್ತಿರ ಎಂದಷ್ಟೇ ಗೊತ್ತು. ನಾನು, ಅವ್ವ ಈಗ ಬಸ್ಸಿಗೆ ಹೊರಟಿದ್ದೇವೆ. ಅಲ್ಲಿ ಶಾಲೆ ಶಾಲೆಗೂ ಹೋಗಿ ಕೇಳುತ್ತೇವೆ. ನೀನು ಆ ಕಡೆಯಿಂದ ಹುಡುಕು. ಅವಳೇ ಒಮ್ಮೆ ಹೇಳಿದ ಹಾಗೆ ಅವ್ವನ ಹೆಸರು ನಾಗಜ್ಯೋತಿ. ಅಪ್ಪನ ಹೆಸರು ಸಿದ್ದಲಿಂಗೇಶ್. ಚಿಪ್ಪಗಿರಿ ಕಡೆಯವರು ಯಾವ ಹೊಲದಲ್ಲಿದ್ದಾರೆ ಎಂದು ಬಸವಕ್ಕನನ್ನು ಕೇಳು, ಅವಳಿಗೆ ಎಲ್ಲರೂ ಗೊತ್ತು. ಸಿಕ್ಕರೆ ಬೆಳಗಾಗುವ ತನಕ ಕಾಯಬೇಡ. ಆ ತಾಯಿಗೆ ಹೇಳು: ಮಗಳಿಗೆ ಬೈಯಬೇಡಿ, ಫೋನಿನಲ್ಲಿ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ, ಹೊರಟು ಬನ್ನಿ.

ಯಾರಿಗೂ ಹೇಳುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದೆ. ಈಗ ಅವ್ವನಿಗೆ ಹೇಳಿದ್ದೇನೆ, ಪಕೀರಪ್ಪ ಮಾವನಿಗೆ ಹೇಳಿದ್ದೇನೆ, ನಿನಗೆ ಬರೆದಿದ್ದೇನೆ. ಅವಳು ಇನ್ನು ನನ್ನ ಮುಖ ನೋಡುವುದಿಲ್ಲವೇನೋ. ಅವಳು ಸಿಗಲಿ, ಎದುರಿಗೆ ನಿಂತು ಎಷ್ಟು ಬೇಕಾದರೂ ಬೈಯಲಿ.

ಅವ್ವ ಚಪ್ಪಲಿ ಹಾಕಿಕೊಂಡು ಕರೆಯುತ್ತಿದ್ದಾಳೆ.

ಹಾರಿಕಾ